ಕಟ್ಟು ಕಕ್ಷಿದಾರರದು, ಬಾಕಿ ವಕೀಲರದು

ಕೇಸಿನ ಕಟ್ಟಿನೊಳಗೆ ಏನಿರುತ್ತದೆ ಎಂದು ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಮೇಲೊಂದು ದಪ್ಪ ರಟ್ಟು. ಅದರ ಮೇಲೆ ದಾವೆಯ ನಂಬರು, ವಾದಿ ಪ್ರತಿವಾದಿಗಳ ಹೆಸರು, ಅದರ ಕೆಳಗೆ ಒಂದರ ಕೆಳಗೊಂದು ವಾಯಿದೆಯ ತಾರೀಖುಗಳು. ಆ ತಾರೀಖುಗಳನ್ನು ಬರೆಯುವುದು ನನ್ನಂಥ ಗುಮಾಸ್ತರು. ಒಳಗೆ ದಾವಾ ಪ್ರತಿ, ಎದುರಿನವರ ತಕರಾರು, ಮಧ್ಯಂತರ ಅರ್ಜಿಗಳು, ಪಹಣಿ, ವಂಶವೃಕ್ಷ, ಕ್ರಯಪತ್ರದ ನಕಲು, ನೋಟಿಸು ಕಳಿಸಿದ ಅಂಚೆ ರಸೀದಿ, ಸಾಕ್ಷಿಗಳ ಹೇಳಿಕೆ. ಪಾಟೀ ಸವಾಲಿಗೆಂದು ವಕೀಲರು ಪೆನ್ಸಿಲಿನಲ್ಲಿ ಗೀಚಿಕೊಂಡ ಹಾಳೆಗಳು. ಇವುಗಳ ನಡುವೆ, ಒಮ್ಮೊಮ್ಮೆ, ಕಕ್ಷಿದಾರರ ಮನೆಯ ಟ್ರಂಕಿನಿಂದ ಎದ್ದು ಬಂದ ಒಂದು ಹಳೆಯ ಅಸಲು ಕಾಗದ. ಅದರ ಇನ್ನೊಂದು ಪ್ರತಿ ಪ್ರಪಂಚದಲ್ಲೇ ಇರುವುದಿಲ್ಲ.

ನಾನು ತಿಪಟೂರಿನಲ್ಲಿ ವಕೀಲರೊಬ್ಬರ ಬಳಿ ಎಂಬತ್ತರ ದಶಕದ ಕೊನೆಯಿಂದ ಗುಮಾಸ್ತ. ಕಾನೂನು ಓದಿದವನಲ್ಲ. ಆದರೆ ಕಟ್ಟು ಕಟ್ಟಿದ್ದೇನೆ, ಬಿಚ್ಚಿದ್ದೇನೆ, ನಕಲು ಅರ್ಜಿ ಹಾಕಿದ್ದೇನೆ, ಬೇರೆ ಆಫೀಸುಗಳಿಂದ ಕಟ್ಟು ತರಲು ಹೋಗಿ ಬೆಂಚಿನ ಮೇಲೆ ಕೂತಿದ್ದೇನೆ. ಕಕ್ಷಿದಾರರು ನನ್ನನ್ನು ಅತಿ ಹೆಚ್ಚು ಕೇಳಿರುವ ಪ್ರಶ್ನೆಗಳಲ್ಲಿ ಒಂದು ಇದು: ಫೀಸು ಬಾಕಿ ಇದೆ ಎಂದು ವಕೀಲರು ನಮ್ಮ ಕಟ್ಟು ಕೊಡದೆ ಇಟ್ಟುಕೊಳ್ಳಬಹುದಾ? ಇಟ್ಟುಕೊಳ್ಳುವಂತಿಲ್ಲ. ಸುಪ್ರೀಂ ಕೋರ್ಟು ಇದನ್ನು 2000ನೇ ಇಸವಿಯಲ್ಲೇ ತೀರ್ಮಾನ ಮಾಡಿಯಾಗಿದೆ. ಆದರೂ ಈ ವಿಷಯ ಕೋರ್ಟಿನ ಹೊಸಿಲು ದಾಟಿ ಹಳ್ಳಿಗಳಿಗೆ ಇನ್ನೂ ತಲುಪಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕೆಲವು ವರ್ಷದ ಹಿಂದೆ ಒಬ್ಬ ಹೆಂಗಸು ನಮ್ಮ ಆಫೀಸಿಗೆ ಬಂದರು. ಗಂಡ ಇಲ್ಲ. ಮೈದುನರ ಮೇಲೆ ಪಾಲು ದಾವೆ ಹಾಕಿದ್ದರು. ದಾವೆ ವಜಾ ಆಗಿತ್ತು. ಮೇಲ್ಮನವಿ ಹಾಕಬೇಕು, ಬೇರೆ ವಕೀಲರಿಂದ ಹಾಕಿಸಬೇಕು ಎಂದು ಅವರ ಮನಸ್ಸು. ಮೊದಲಿನ ವಕೀಲರು ಹದಿನೈದು ಸಾವಿರ ಬಾಕಿ ಇದೆ, ಅದು ಬಂದ ದಿನ ಕಟ್ಟು ಎಂದಿದ್ದರು. ಈಕೆಯ ಲೆಕ್ಕದಲ್ಲಿ ಬಾಕಿ ಅಷ್ಟಿರಲಿಲ್ಲ. ಆದರೆ ಕೊಟ್ಟ ದುಡ್ಡಿಗೆ ರಸೀದಿ ಇಲ್ಲ. ಸಂತೆಯ ದಿನ ಐನೂರು, ಹಬ್ಬದ ಮುಂಚೆ ಎರಡು ಸಾವಿರ, ಹೀಗೆ ಕೈಯಿಂದ ಕೈಗೆ ಹೋದ ಹಣ.

"ಅಣ್ಣಾ, ನಾನು ಕೊಡಾಕಿಲ್ಲ ಅಂತಿಲ್ಲ. ಕೊಬ್ಬರಿ ಒಡೆದು ಮಾರಿದ ಮ್ಯಾಲೆ ಕೊಡ್ತೀನಿ. ಅಲ್ಲೀಗಂಟ ಕೋರ್ಟು ಕಾಯ್ತದಾ?" ಎಂದು ನನ್ನನ್ನು ಕೇಳಿದರು.

ಕೋರ್ಟು ಕಾಯುವುದಿಲ್ಲ. ಜಿಲ್ಲೆಯ ಕೋರ್ಟುಗಳಲ್ಲಿ ಮೊದಲ ಮೇಲ್ಮನವಿಗೆ ಡಿಕ್ರಿಯಾದ ದಿನದಿಂದ 30 ದಿನ, ಹೈಕೋರ್ಟಿಗಾದರೆ 90 ದಿನ. ಕಾಲಮಿತಿ ಕಾಯ್ದೆಯ ಲೆಕ್ಕ ಅದು. ತೆಂಗಿನಕಾಯಿ ಅಟ್ಟದ ಮೇಲೆ ಒಣಗಿ ಕೊಬ್ಬರಿಯಾಗಲು ತಿಂಗಳುಗಟ್ಟಲೆ ಬೇಕು. ಕಟ್ಟು ಹಿಡಿದಿಟ್ಟುಕೊಂಡವರು ನಿಜವಾಗಿ ಹಿಡಿದುಕೊಂಡಿರುವುದು ಕಕ್ಷಿದಾರರ ದಿನಗಳನ್ನು. ಬಾಕಿ ಹಣ ಇವತ್ತಲ್ಲ ನಾಳೆ ಬಂದೀತು. ಕಳೆದುಹೋದ ವಾಯಿದೆಯನ್ನು ಯಾರೂ ತಂದುಕೊಡಲಾರರು. ಇಷ್ಟು ವರ್ಷದಲ್ಲಿ ನನಗೆ ಅರ್ಥವಾಗಿರುವುದು ಇದೇ. ಸುಪ್ರೀಂ ಕೋರ್ಟಿನ ತೀರ್ಪನ್ನು ನಮ್ಮ ಸಾರ್ ನನಗೆ ಓದಿ ಹೇಳಿದಾಗ ಅದರೊಳಗೂ ಇದೇ ತಿರುಳು ಕಂಡಿತು.

ಆ ತೀರ್ಪಿನ ಹಿಂದಿನ ಕತೆ ಭೋಪಾಲದ್ದು. ಆರ್.ಡಿ. ಸಕ್ಸೇನಾ ಎಂಬ ಹಿರಿಯ ವಕೀಲರು 1990ರಿಂದ ಮಧ್ಯಪ್ರದೇಶ ರಾಜ್ಯ ಸಹಕಾರಿ ಬ್ಯಾಂಕಿಗೆ ಕಾನೂನು ಸಲಹೆಗಾರರಾಗಿದ್ದರು, ಬ್ಯಾಂಕಿನ ಕೇಸುಗಳನ್ನೂ ನಡೆಸುತ್ತಿದ್ದರು. 1993ರ ಜುಲೈನಲ್ಲಿ ಬ್ಯಾಂಕು ಅವರನ್ನು ಬಿಡಿಸಿ, ಕೇಸುಗಳ ಕಡತಗಳನ್ನೆಲ್ಲ ವಾಪಸ್ಸು ಕೊಡಿ ಎಂದು ಬರೆಯಿತು. ಅವರು ಕಡತದ ಬದಲು ಬಿಲ್ಲು ಕಳಿಸಿದರು. ಬಾಕಿ 97,100 ರೂಪಾಯಿ, ಅದು ತೀರಿದ ಮೇಲೆ ಕಡತ. ಅಷ್ಟು ಬಾಕಿಯೇ ಇಲ್ಲ ಎಂದು ಬ್ಯಾಂಕು ಹೇಳಿತು. ಪತ್ರಗಳು ಓಡಾಡಿದವು. 1994ರ ಫೆಬ್ರವರಿಯಲ್ಲಿ ಬ್ಯಾಂಕಿನ ಕಡೆಯಿಂದ ಮಧ್ಯಪ್ರದೇಶದ ವಕೀಲರ ಪರಿಷತ್ತಿಗೆ ದೂರು ಹೋಯಿತು.

ವಕೀಲರ ಮೇಲಿನ ದೂರನ್ನು ರಾಜ್ಯದ ಪರಿಷತ್ತು ಒಂದು ವರ್ಷದೊಳಗೆ ಮುಗಿಸಬೇಕು, ಮುಗಿಸದಿದ್ದರೆ ಅದು ತಾನಾಗಿ ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ ಎಂದು 1961ರ ವಕೀಲರ ಕಾಯ್ದೆಯ 36-ಬಿ ಕಲಮು ಹೇಳುತ್ತದೆ. ಇಲ್ಲಿ ಆದದ್ದೂ ಹಾಗೆಯೇ. ದೆಹಲಿಯ ಶಿಸ್ತು ಸಮಿತಿ ಸಕ್ಸೇನಾ ಅವರದು ವೃತ್ತಿ ದುರ್ನಡತೆ ಎಂದು ತೀರ್ಮಾನಿಸಿ, 18 ತಿಂಗಳು ವಕೀಲಿ ಮಾಡದಂತೆ ತಡೆದು ಸಾವಿರ ರೂಪಾಯಿ ದಂಡ ಹಾಕಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಅಷ್ಟರಲ್ಲಿ ಅವರಿಗೆ ಎಪ್ಪತ್ತು ದಾಟಿತ್ತು.

ಅವರ ವಾದ ಪೊಳ್ಳಾಗಿರಲಿಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆಯಲ್ಲಿ 171ನೇ ಕಲಮಿದೆ. ತಮ್ಮ ಕೈಗೆ ಬಂದ ಸರಕನ್ನು ಬಾಕಿ ತೀರುವತನಕ ಭದ್ರತೆಯಾಗಿ ಇಟ್ಟುಕೊಳ್ಳುವ ಹಕ್ಕು ಕೆಲವು ವೃತ್ತಿಯವರಿಗೆ ಇದೆ ಎಂದು ಅದು ಹೇಳುತ್ತದೆ. ಕಾನೂನಿನವರು ಇದನ್ನು ಲಿಯನ್ ಎನ್ನುತ್ತಾರೆ. ಬ್ಯಾಂಕಿನವರು, ದಲ್ಲಾಳಿ ವರ್ತಕರು, ಬಂದರಿನ ದಕ್ಕೆಯವರು, ವಿಮೆ ದಲ್ಲಾಳಿಗಳು ಆ ಪಟ್ಟಿಯಲ್ಲಿದ್ದಾರೆ. ಅವರ ಜೊತೆಗೇ ಹೈಕೋರ್ಟಿನ ಅಟಾರ್ನಿಗಳೂ ಇದ್ದಾರೆ. ಇಂಗ್ಲೆಂಡಿನಲ್ಲಿ ಕಕ್ಷಿದಾರರ ಕಾಗದಪತ್ರ ನೋಡಿಕೊಳ್ಳುವ ಸಾಲಿಸಿಟರುಗಳಿಗೆ ಈ ಹಕ್ಕು ಇತ್ತು, ಇಂದಿಗೂ ಇದೆ. ಬ್ರಿಟಿಷರು ಅದನ್ನು ತಮ್ಮ ಜೊತೆ ತಂದರು. ಬೊಂಬಾಯಿ, ಕಲ್ಕತ್ತ ಹೈಕೋರ್ಟುಗಳಲ್ಲಿ ಅಟಾರ್ನಿಗಳೆಂಬ ಪ್ರತ್ಯೇಕ ವರ್ಗವೇ ಇತ್ತು. 1927ರಲ್ಲಿ ಬೊಂಬಾಯಿ ಹೈಕೋರ್ಟು ಇಂಗ್ಲಿಷ್ ರೀತಿಯನ್ನೇ ಹಿಡಿಯಿತು. 1932ರಲ್ಲಿ ಮದರಾಸು ಹೈಕೋರ್ಟು, ವಕೀಲರಿಗೆ ಅಂಥ ಹಕ್ಕು ಇಲ್ಲ, ಹಾಗೆಂದು ಸ್ಪಷ್ಟ ಒಪ್ಪಂದವಿದ್ದರೆ ಮಾತ್ರ ಬೇರೆ ಮಾತು ಎಂದಿತು. ಹೀಗೆ ಒಂದೊಂದು ಕಡೆ ಒಂದೊಂದು ಅಭಿಪ್ರಾಯ ಉಳಿದುಬಂತು. 1976ರ ತಿದ್ದುಪಡಿಯಿಂದ ಅಟಾರ್ನಿ ಎಂಬ ವರ್ಗವೇ ಹೋಯಿತು, ದೇಶದಲ್ಲೆಲ್ಲ ವಕೀಲರದು ಒಂದೇ ವರ್ಗವಾಯಿತು. ಆದರೆ ಕಡತ ಹಿಡಿದಿಟ್ಟುಕೊಳ್ಳುವ ರೂಢಿ ಮಾತ್ರ ಉಳಿದುಕೊಂಡಿತು.

2000ದ ಆಗಸ್ಟ್ 22ರಂದು ನ್ಯಾಯಮೂರ್ತಿಗಳಾದ ಕೆ.ಟಿ. ಥಾಮಸ್ ಮತ್ತು ಆರ್.ಪಿ. ಸೇಠಿ ತೀರ್ಪು ಕೊಟ್ಟರು. 171ನೇ ಕಲಮು ಮಾತಾಡುವುದು ಸರಕಿನ ಬಗ್ಗೆ. ಸರಕು ಎಂದರೆ ಮಾರಾಟಕ್ಕೆ ಬರುವಂಥದ್ದು, ಇಟ್ಟುಕೊಂಡವರು ಬೇಕಾದರೆ ಅದನ್ನು ದುಡ್ಡು ಮಾಡಿಕೊಳ್ಳಲು ಸಾಧ್ಯವಿರುವಂಥದ್ದು. ದರ್ಜಿ ಹೊಲಿದ ಕೋಟನ್ನು ಕೂಲಿ ಬರುವತನಕ ಕೊಡದೆ ಇಟ್ಟುಕೊಳ್ಳಬಹುದು. ಒಪ್ಪಂದ ಕಾಯ್ದೆಯೇ 170ನೇ ಕಲಮಿನಡಿ ಈ ಉದಾಹರಣೆ ಕೊಡುತ್ತದೆ. ಕೇಸಿನ ಕಡತ ಅಂಥದ್ದಲ್ಲ. ಅದನ್ನು ಯಾರಿಗೆ ಮಾರುವುದು? ಅದು ಬೆಲೆಯುಳ್ಳದ್ದಾಗುವುದು ಆ ಒಬ್ಬ ಕಕ್ಷಿದಾರನಿಗೆ ಮಾತ್ರ, ಆ ಒಂದು ಕೇಸಿಗೆ ಮಾತ್ರ. ಹಾಗಾಗಿ ಅದು ಆ ಕಲಮಿನೊಳಗೆ ಬರುವುದೇ ಇಲ್ಲ ಎಂದರು.

ಅಷ್ಟಕ್ಕೇ ಅವರು ನಿಲ್ಲಲಿಲ್ಲ. ನಮ್ಮ ದೇಶದ ಕಕ್ಷಿದಾರರು ಎಂಥವರು ಎಂದೂ ನೋಡಿದರು. ಓದು ಬರಹ ಇಲ್ಲದವರು, ಬಡವರು ಕೋರ್ಟಿಗೆ ಬರುವ ದೇಶದಲ್ಲಿ ವಕೀಲರ ಕೈಗೆ ಇಂಥ ಹಕ್ಕು ಕೊಟ್ಟರೆ ಅದರ ದುರುಪಯೋಗಕ್ಕೆ, ಶೋಷಣೆಗೆ ದಾರಿಯಾಗುತ್ತದೆ ಎಂದರು. ತನ್ನ ವಕೀಲರ ಮೇಲೆ ನಂಬಿಕೆ ಹೋದವನಿಗೆ ಬೇರೆಯವರನ್ನು ನೇಮಿಸಿಕೊಳ್ಳುವ ಸ್ವಾತಂತ್ರ್ಯ ಇರಲೇಬೇಕು. ಕಡತ ಹಳೆಯ ವಕೀಲರ ಬೀರುವಿನಲ್ಲಿದ್ದರೆ ಆ ಸ್ವಾತಂತ್ರ್ಯ ಹೆಸರಿಗೆ ಮಾತ್ರ. ಕ್ರಿಮಿನಲ್ ಕೇಸಿನ ಆರೋಪಿಗಂತೂ ತನಗೆ ಬೇಕಾದ ವಕೀಲರನ್ನು ಆರಿಸಿಕೊಳ್ಳುವುದು ಸಂವಿಧಾನದ 22ನೇ ವಿಧಿ ಕೊಟ್ಟ ಹಕ್ಕು. ವಕೀಲರ ಸಂಭಾವನೆಗಿಂತ ಕೋರ್ಟಿನ ಮುಂದಿರುವ ಕೇಸು ದೊಡ್ಡದು ಎಂಬುದು ತೀರ್ಪಿನ ನಿಲುವು. ಕಕ್ಷಿದಾರ ಕೇಳಿದಾಗ ಕಡತ ಕೊಡದಿರುವುದು ವಕೀಲರ ಕಾಯ್ದೆಯ 35ನೇ ಕಲಮಿನಡಿ ದುರ್ನಡತೆ ಎಂದು ಇತ್ಯರ್ಥವಾಯಿತು.

ಸಕ್ಸೇನಾ ಅವರ ಶಿಕ್ಷೆಯನ್ನು ಮಾತ್ರ ಇಳಿಸಿದರು. ಅಲ್ಲಿಯವರೆಗೆ ಕಾನೂನು ಸ್ಪಷ್ಟವಾಗಿರಲಿಲ್ಲ, ಕೆಲವು ಹೈಕೋರ್ಟುಗಳ ತೀರ್ಪು ನೋಡಿ ತನಗೆ ಹಕ್ಕಿದೆ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದಿರಬಹುದು ಎಂದು ಬರೀ ಛೀಮಾರಿಗೆ ಮುಗಿಸಿದರು. ಅದು ನ್ಯಾಯವಾದದ್ದೇ. ಆದರೆ ಆ ರಿಯಾಯಿತಿ ಅವರಿಗಷ್ಟೇ. ಅವರ ನಂತರದವರು ಕಾನೂನು ಸ್ಪಷ್ಟವಿರಲಿಲ್ಲ ಎಂದು ಹೇಳಲು ಬರುವುದಿಲ್ಲ. 2003ರಲ್ಲಿ ನ್ಯೂ ಇಂಡಿಯಾ ವಿಮಾ ಕಂಪನಿಯ ಪ್ರಕರಣದಲ್ಲೂ ಸುಪ್ರೀಂ ಕೋರ್ಟು ಇದನ್ನೇ ಮತ್ತೆ ಹೇಳಿತು.

ಈಗ ಆ ಹೆಂಗಸಿನ ವಿಷಯಕ್ಕೆ ಬರುತ್ತೇನೆ. ಕಟ್ಟು ಬರಲಿ ಎಂದು ನಮ್ಮ ಸಾರ್ ಕಾಯಲಿಲ್ಲ. ಅವತ್ತೇ ತೀರ್ಪು ಮತ್ತು ಡಿಕ್ರಿಯ ದೃಢೀಕೃತ ನಕಲಿಗೆ ಅರ್ಜಿ ಹಾಕಿಸಿದರು. ಕಟ್ಟು ಹೋಯಿತೆಂದು ಕೈಚೆಲ್ಲಿ ಕೂರುವವರಿಗೆ ಇದನ್ನು ಒತ್ತಿ ಹೇಳುತ್ತೇನೆ: ಕೇಸಿನ ನಿಜವಾದ ಕಡತ ಕೋರ್ಟಿನಲ್ಲಿ ಇರುತ್ತದೆ. ದಾವಾ, ತಕರಾರು, ಹೇಳಿಕೆಗಳು, ಗುರುತು ಹಾಕಿದ ದಾಖಲೆಗಳು, ಆದೇಶಗಳು ಎಲ್ಲಕ್ಕೂ ನಕಲು ಸಿಗುತ್ತದೆ. ತೀರ್ಪಿನ ನಕಲು ಪಡೆಯಲು ಹಿಡಿದ ಸಮಯವನ್ನು ಮೇಲ್ಮನವಿಯ ದಿನಗಳಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ದಿನ ಮೀರಿದರೂ ಸರಿಯಾದ ಕಾರಣ ತೋರಿಸಿ ವಿಳಂಬ ಮನ್ನಿಸಿ ಎಂದು ಕೇಳಬಹುದು. ಪಹಣಿ ಈಗ ಭೂಮಿ ತಂತ್ರಾಂಶದಲ್ಲಿ ಸಿಗುತ್ತದೆ, ನೋಂದಣಿಯಾದ ಪತ್ರಗಳ ನಕಲು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ. ಕೇಸಿನ ಮುಂದಿನ ವಾಯಿದೆ ಯಾವಾಗ ಎಂದು ಮೊಬೈಲಿನ ಇ-ಕೋರ್ಟ್ಸ್ ಆ್ಯಪಿನಲ್ಲಿ ನೋಡಬಹುದು; ಪ್ರತಿ ಕೇಸಿಗೂ ಸಿಎನ್‌ಆರ್ ಎಂಬ ಹದಿನಾರು ಅಂಕಿ ಅಕ್ಷರಗಳ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ ಎಂದು ನಾನು ಬಂದವರಿಗೆಲ್ಲ ಹೇಳುತ್ತೇನೆ.

ನಕಲು ಸಿಗದ ವಸ್ತು ಒಂದಿತ್ತು. ಆಕೆಯ ಮಾವ ಬದುಕಿದ್ದಾಗ ಊರ ಪಂಚಾಯ್ತಿದಾರರ ಮುಂದೆ ಬರೆಸಿದ ಪಾರೀಕತ್ತು. ನೋಂದಣಿಯಾಗಿರಲಿಲ್ಲ. ಅದರಿಂದ ಪ್ರಯೋಜನವಿಲ್ಲವೆಂದು ಮೊದಲಿನ ವಕೀಲರು ಕೋರ್ಟಿಗೆ ಹಾಜರುಪಡಿಸದೆ ಕಟ್ಟಿನಲ್ಲೇ ಬಿಟ್ಟಿದ್ದರು. ಅದಕ್ಕಾಗಿ ನಮ್ಮ ಸಾರ್ ಅವರಿಗೆ ಫೋನು ಮಾಡಿದರು. ಬಾಕಿಯ ಮಾತು ಬೇರೆ ಆಡೋಣ, ಕಟ್ಟು ಕೊಟ್ಟು ಕಳಿಸಿ ಎಂದು ಮರ್ಯಾದೆಯಿಂದಲೇ ಕೇಳಿದರು. ಆಗಲಿಲ್ಲ. ಆಮೇಲೆ ಆಕೆಯ ಕೈಯಿಂದ ಒಂದು ಪತ್ರ ಬರೆಸಿದೆವು. ಇಂಥ ದಾವೆಯ ವಕಾಲತ್ತನ್ನು ಹಿಂತೆಗೆದುಕೊಂಡಿದ್ದೇನೆ, ಕಟ್ಟನ್ನೂ ಪಾರೀಕತ್ತಿನ ಅಸಲನ್ನೂ ಇಷ್ಟು ದಿನದೊಳಗೆ ಕೊಡಿ, ತಮ್ಮ ಬಾಕಿಯ ಲೆಕ್ಕವನ್ನು ಬರೆದು ಕಳಿಸಿದರೆ ಅದನ್ನು ಬೇರೆಯಾಗಿ ತೀರಿಸುತ್ತೇನೆ, 2000ದ ಸುಪ್ರೀಂ ಕೋರ್ಟಿನ ತೀರ್ಪು ಹೀಗಿದೆ. ಇಷ್ಟೇ. ಬೈಗುಳವಿಲ್ಲ, ಬೆದರಿಕೆಯಿಲ್ಲ. ತಲುಪಿದ್ದಕ್ಕೆ ಸಹಿ ಬರುವಂತೆ ಅಂಚೆಯಲ್ಲಿ ಕಳಿಸಿದೆವು. ಕಟ್ಟು ಬಂತು, ಪಾರೀಕತ್ತೂ ಬಂತು. ಮೇಲ್ಮನವಿ ಕೊನೆಗೆ ರಾಜಿಯಲ್ಲಿ ಮುಗಿಯಿತು.

ಕೇಸು ಇನ್ನೂ ನಡೆಯುತ್ತಿರುವಾಗಲೇ ವಕೀಲರನ್ನು ಬದಲಿಸುವವರಿಗೆ ಇನ್ನೊಂದು ಗಂಟು ಎದುರಾಗುತ್ತದೆ. ಹಳೆಯ ವಕೀಲರ ಒಪ್ಪಿಗೆ ಸಹಿ, ಕೋರ್ಟಿನ ಆವರಣದಲ್ಲಿ ಎಲ್ಲರೂ ಎನ್‌ಓಸಿ ಎನ್ನುವುದು. ಮೊದಲೇ ಒಬ್ಬರ ವಕಾಲತ್ತು ಇರುವ ಕೇಸಿನಲ್ಲಿ ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಹಾಜರಾಗಬಾರದು ಎಂಬುದು ವಕೀಲರ ಪರಿಷತ್ತಿನ ನಿಯಮ. ಒಳ್ಳೆಯ ನಿಯಮ. ಆದರೆ ಆ ನಿಯಮದಲ್ಲೇ ಮುಂದಿನ ಮಾತೂ ಇದೆ: ಒಪ್ಪಿಗೆ ಸಿಗದಿದ್ದರೆ ಕಾರಣ ಹೇಳಿ ಕೋರ್ಟಿಗೆ ಅರ್ಜಿ ಹಾಕಿ ಅನುಮತಿ ಪಡೆಯಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 3, ನಿಯಮ 4 ಕೂಡ ಕಕ್ಷಿದಾರರೇ ಸಹಿ ಮಾಡಿದ ಬರಹ ಹಾಕಿ, ಕೋರ್ಟಿನ ಅನುಮತಿಯಿಂದ ವಕಾಲತ್ತು ಕೊನೆಗೊಳಿಸಬಹುದು ಎನ್ನುತ್ತದೆ. ಅಂದರೆ ಬೀಗದ ಕೈ ಹಳೆಯ ವಕೀಲರ ಹತ್ತಿರ ಮಾತ್ರ ಇಲ್ಲ, ನ್ಯಾಯಾಧೀಶರ ಹತ್ತಿರವೂ ಇದೆ. ಹಳ್ಳಿಯಿಂದ ಬರುವ ಎಷ್ಟೋ ಜನ ಇದು ತಿಳಿಯದೆ ಒಂದು ಸಹಿಗಾಗಿ ವರ್ಷಗಟ್ಟಲೆ ಅಲೆದಿದ್ದಾರೆ.

ಪತ್ರಕ್ಕೂ ಜಗ್ಗದವರ ಮೇಲೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ನಮ್ಮ ರಾಜ್ಯದ್ದು ಬೆಂಗಳೂರಿನಲ್ಲಿದೆ. ಶಿಸ್ತು ಸಮಿತಿ ಛೀಮಾರಿ ಹಾಕಬಹುದು, ಸ್ವಲ್ಪ ಕಾಲ ವೃತ್ತಿಯಿಂದ ದೂರ ಇಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಅದರ ಮೇಲೆ ಭಾರತೀಯ ಪರಿಷತ್ತಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಮೇಲ್ಮನವಿಗೆ ಅರವತ್ತರವತ್ತು ದಿನ. ಗ್ರಾಹಕರ ವೇದಿಕೆಗೆ ಹೋಗಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಈಗ ಆ ಬಾಗಿಲು ಮುಚ್ಚಿದೆ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಮೇ 14ರಂದು ಹೇಳಿದೆ.

ಇಷ್ಟು ಹೊತ್ತು ಕಕ್ಷಿದಾರರ ಕಡೆಯದನ್ನೇ ಬರೆದೆ. ಆದರೆ ನನ್ನ ಸಂಬಳ ಬರುವುದು ವಕೀಲರ ಫೀಸಿನಿಂದ. ಅದು ಬಾರದಿದ್ದರೆ ಏನಾಗುತ್ತದೆ ಎಂದು ನನಗಿಂತ ಹತ್ತಿರದಿಂದ ಕಂಡವರು ಕಡಿಮೆ. ಆಫೀಸಿನ ಬಾಡಿಗೆ, ಟೈಪಿಸ್ಟಿನ ಕೂಲಿ, ಜೂನಿಯರ್ ಹುಡುಗರ ಬಸ್ಸಿನ ಚಾರ್ಜು ಎಲ್ಲಕ್ಕೂ ಅದೇ ಮೂಲ. ನಾಲ್ಕು ವರ್ಷ ಕೇಸು ನಡೆಸಿಕೊಂಡು, ವಾದಕ್ಕೆ ಇಟ್ಟ ದಿನ, ಬಾಕಿ ಕೇಳಿದರೆಂದು ಹೇಳದೆ ಕೇಳದೆ ಬೇರೆ ವಕೀಲರ ಹತ್ತಿರ ಹೋದವರನ್ನು ನೋಡಿದ್ದೇನೆ. ಸೋತರೆ ಯಾಕೆ ಕೊಡಬೇಕು ಎನ್ನುವವರಿದ್ದಾರೆ. ಗೆದ್ದ ಮೇಲೆ ಇನ್ಯಾಕೆ ಎನ್ನುವವರೂ ಇದ್ದಾರೆ. ರಾತ್ರಿ ಹನ್ನೊಂದರವರೆಗೆ ಕೂತು ಪಾಟೀ ಸವಾಲಿಗೆ ತಯಾರಿ ಮಾಡಿದ ಶ್ರಮ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದಕ್ಕೆ ಬೆಲೆಯಿಲ್ಲವೆಂದು ತಿಳಿಯುವುದು ಅನ್ಯಾಯ. ಕಟ್ಟು ಹಿಡಿದುಕೊಳ್ಳುವ ವಕೀಲರೆಲ್ಲ ದುಷ್ಟರಲ್ಲ. ವಸೂಲಿಗೆ ಬೇರೆ ದಾರಿ ಕಾಣದೆ ಕೈಯಲ್ಲಿದ್ದದ್ದನ್ನು ಹಿಡಿದುಕೊಂಡವರೇ ಜಾಸ್ತಿ.

ದಾರಿ ಇಲ್ಲದೆ ಇಲ್ಲ. 1926ರಷ್ಟು ಹಿಂದೆಯೇ ವಕೀಲರ ಫೀಸಿನ ಬಗ್ಗೆ ಒಂದು ಪುಟ್ಟ ಕಾಯ್ದೆ ಬಂದಿದೆ. ವಕೀಲರು ಕಕ್ಷಿದಾರರ ಜೊತೆ ಫೀಸಿನ ಒಪ್ಪಂದ ಮಾಡಿಕೊಳ್ಳಬಹುದು, ಕೊಡದಿದ್ದರೆ ದಾವೆ ಹಾಕಿ ವಸೂಲು ಮಾಡಬಹುದು. ಒಪ್ಪಂದ ಇಲ್ಲದಿದ್ದರೆ ಕೋರ್ಟು ಖರ್ಚಿನ ಲೆಕ್ಕಕ್ಕೆ ಹಿಡಿಯುವ ದರದಂತೆ ಸಿಗುತ್ತದೆ. ಆ ದರ ನಿಜವಾದ ಫೀಸಿನ ಹತ್ತಿರಕ್ಕೂ ಬರುವುದಿಲ್ಲ, ಆದ್ದರಿಂದ ಬರಹದ ಒಪ್ಪಂದವೇ ವಕೀಲರಿಗೆ ಆಸರೆ. ಅದೇ ಕಾಯ್ದೆ, ವಕೀಲರು ಅಜಾಗರೂಕತೆಯಿಂದ ನಷ್ಟ ಮಾಡಿದರೆ ಅವರ ಮೇಲೂ ದಾವೆ ಹಾಕಬಹುದು ಎನ್ನುತ್ತದೆ. ಪರಿಷತ್ತಿನ ನಿಯಮಗಳ ಪ್ರಕಾರ, ಕೇಸು ಮುಗಿದ ಮೇಲೆ ಕಕ್ಷಿದಾರರ ಹಣ ವಕೀಲರ ಕೈಯಲ್ಲಿ ಉಳಿದಿದ್ದರೆ ಅದರಿಂದ ಗೊತ್ತಾದ ಫೀಸನ್ನು ಮುರಿದುಕೊಳ್ಳಲು ಅಡ್ಡಿಯಿಲ್ಲ. ಹಣದಿಂದ ಮುರಿದುಕೊಳ್ಳಬಹುದು, ಕಾಗದವನ್ನು ಮಾತ್ರ ಹಿಡಿದಿಟ್ಟುಕೊಳ್ಳುವಂತಿಲ್ಲ. ಫೀಸು ಕೊಡದವರ ಕೇಸನ್ನು ನಡೆಸಲೇಬೇಕೆಂಬ ಕಟ್ಟುಪಾಡೂ ಇಲ್ಲ. ಸಾಕಷ್ಟು ಕಾರಣವಿದ್ದರೆ, ಮುಂಚಿತವಾಗಿ ತಿಳಿಸಿ, ವಕಾಲತ್ತಿನಿಂದ ಹಿಂದೆ ಸರಿಯಬಹುದು.

ಫೀಸಿನ ಆಸೆ ಇನ್ನೊಂದು ಕಡೆ ಹದ್ದು ಮೀರುವುದನ್ನೂ ಹೇಳಬೇಕು. ವಾಹನ ಅಪಘಾತದ ಪರಿಹಾರದ ಕೇಸುಗಳಲ್ಲಿ ಬಂದ ಹಣದಲ್ಲಿ ನೂರಕ್ಕೆ ಇಷ್ಟು ಎಂದು ಮಾತಾಡಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದು ನಿಯಮಬಾಹಿರ. ತೆಲಂಗಾಣದ ಬಿ. ಸುನೀತಾ ಎಂಬವರ ಪ್ರಕರಣ ಇಂಥದ್ದೇ. ಗಂಡನನ್ನು ಅಪಘಾತದಲ್ಲಿ ಕಳೆದುಕೊಂಡ ಆಕೆ ಪರಿಹಾರ ಬಂದಾಗ ವಕೀಲರಿಗೆ ಹತ್ತು ಲಕ್ಷ ಕೊಟ್ಟಿದ್ದರು. ಇನ್ನೂ ಬೇಕೆಂದು ಮೂರು ಲಕ್ಷದ ಚೆಕ್ಕನ್ನೂ ಬರೆಸಿಕೊಂಡಿದ್ದಾಯಿತು. ಚೆಕ್ಕು ವಾಪಸ್ಸು ಬಂದಾಗ ಆಕೆಯ ಮೇಲೆಯೇ ಕೇಸು. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಕೇಸನ್ನು ರದ್ದುಮಾಡಿ, ಕೋರ್ಟು ಕೊಡಿಸುವ ಹಣದಲ್ಲಿ ಪಾಲು ಎಂದು ಫೀಸು ಕೇಳುವುದು ಸಾರ್ವಜನಿಕ ನೀತಿಗೆ ವಿರುದ್ಧ ಎಂದಿತು. ಹೆಂಗಸರು, ಪರಿಶಿಷ್ಟರು, ಅಂಗವಿಕಲರು, ಜೈಲಿನಲ್ಲಿರುವವರು, ಕಡಿಮೆ ಆದಾಯದವರು ಇಂಥದ್ದಕ್ಕೆಲ್ಲ ಸಿಕ್ಕಿಬೀಳದೆ ಕಾನೂನು ಸೇವಾ ಸಮಿತಿಯಿಂದ ಪುಕ್ಕಟೆ ವಕೀಲರನ್ನು ಪಡೆಯಬಹುದು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಸಮಿತಿಯ ಕೋಣೆ ಇರುತ್ತದೆ. 15100 ಎಂಬ ನಂಬರಿಗೆ ಫೋನು ಮಾಡಿದರೂ ಆಯಿತು. ನಮ್ಮಲ್ಲಿಗೆ ಬಂದಿದ್ದ ಆ ಹೆಂಗಸು ಹೆಂಗಸು ಎಂಬ ಒಂದೇ ಕಾರಣಕ್ಕೆ ಮೊದಲ ದಿನದಿಂದಲೇ ಅದಕ್ಕೆ ಅರ್ಹರಾಗಿದ್ದರು. ಅವರಿಗೆ ಅದನ್ನು ಯಾರೂ ಹೇಳಿರಲಿಲ್ಲ.

ನಮ್ಮ ಆಫೀಸಿನಲ್ಲಿ ಈಗ ಫೀಸನ್ನು ಹಂತಹಂತವಾಗಿ ತೆಗೆದುಕೊಳ್ಳುತ್ತೇವೆ. ದಾವೆ ಹಾಕುವಾಗ ಇಷ್ಟು, ಸಾಕ್ಷಿ ವಿಚಾರಣೆಗೆ ಇಷ್ಟು, ವಾದಕ್ಕೆ ಇಷ್ಟು ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಇಬ್ಬರ ಸಹಿ ಹಾಕಿಸುತ್ತೇನೆ. ಐನೂರು ರೂಪಾಯಿ ಬಂದರೂ ರಸೀದಿ ಹರಿಯುತ್ತೇನೆ. ಅಸಲು ದಾಖಲೆಯನ್ನು ಕಟ್ಟಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಜೆರಾಕ್ಸ್ ತೆಗೆದು ಅವರ ಕೈಗೇ ಕೊಟ್ಟು, ಕೋರ್ಟಿಗೆ ಹಾಜರುಪಡಿಸುವ ದಿನ ತನ್ನಿ ಎನ್ನುತ್ತೇವೆ. ಕಟ್ಟು ಕೊಟ್ಟು ಕಳಿಸುವಾಗ ಒಳಗಿನ ಪ್ರತಿ ಕಾಗದದ ಪಟ್ಟಿ ಮಾಡಿ ಸಹಿ ಪಡೆಯುತ್ತೇನೆ. ಇದರಿಂದ ಜಗಳ ಪೂರಾ ನಿಂತಿದೆ ಎಂದು ಹೇಳಲಾರೆ, ಆದರೆ ಎಷ್ಟು ಬಾಕಿ ಎಂಬ ಜಗಳ ನಿಂತಿದೆ.

ಕಾನೂನಿನ ಮೇಲೆ ನನಗೆ ಒಂದು ತಕರಾರಿದೆ. ವಕೀಲರ ಕೈಯಿಂದ ಕಟ್ಟಿನ ಹಿಡಿತವನ್ನು ಬಿಡಿಸಿದ್ದು ಸರಿ. ಅದರ ಬದಲಿಗೆ ಅವರ ಕೈಗೆ ಕೊಟ್ಟಿರುವುದು ಒಂದು ಸಿವಿಲ್ ದಾವೆ. ಹದಿನೈದು ಸಾವಿರಕ್ಕಾಗಿ ತಾನು ದಿನವೂ ನಿಂತು ವಾದಿಸುವ ಕೋರ್ಟಿನಲ್ಲಿ ತಾನೇ ವಾದಿಯಾಗಿ ಸಾಕ್ಷಿಕಟ್ಟೆ ಹತ್ತಲು ಯಾವ ವಕೀಲರಿಗೂ ಮನಸ್ಸು ಬರುವುದಿಲ್ಲ. ಅದಕ್ಕೇ ಹಳೆಯ ರೂಢಿ ಸಾಯದೆ ಉಳಿದಿದೆ. ಹೊಸ ಕಾಯ್ದೆಗೆ ಕಾಯದೆ ಮಾಡಬಹುದಾದ ಕೆಲಸವೂ ಇದೆ. ಕೋರ್ಟಿಗೆ ಇನ್ನೂ ಬಾರದ ವ್ಯಾಜ್ಯವನ್ನು ಲೋಕ ಅದಾಲತ್ತಿನ ಮುಂದೆ ಇಡಲು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಅವಕಾಶ ಕೊಡುತ್ತದೆ, ಅಲ್ಲಿ ಇಬ್ಬರೂ ಒಪ್ಪಿ ಆದ ತೀರ್ಮಾನಕ್ಕೆ ಡಿಕ್ರಿಯ ಬಲ ಇದೆ. ಬ್ಯಾಂಕಿನ ಸಾಲ, ವಿದ್ಯುತ್ ಬಾಕಿಗಳನ್ನು ಅಲ್ಲಿ ಕೂರಿಸಿ ಮುಗಿಸುವುದನ್ನು ಪ್ರತಿ ಅದಾಲತ್ತಿನಲ್ಲೂ ನೋಡುತ್ತೇನೆ. ವಕೀಲರ ಫೀಸಿನ ತಕರಾರನ್ನೂ ಅಲ್ಲಿ ಕೂರಿಸಲಿ. ಒಂದು ಕಡೆ ವಕೀಲರು, ಒಂದು ಕಡೆ ಕಕ್ಷಿದಾರರು, ನಡುವೆ ಒಪ್ಪಂದದ ಹಾಳೆ ಮತ್ತು ರಸೀದಿಗಳು. ತಾಲ್ಲೂಕಿನ ವಕೀಲರ ಸಂಘಗಳು ಮನಸ್ಸು ಮಾಡಿದರೆ ಮುಂದಿನ ಅದಾಲತ್ತಿನಿಂದಲೇ ಇದನ್ನು ಶುರುಮಾಡಬಹುದು.